ಅಪ್ಪ ಬಿಟ್ಟುಹೋದ ಮೋಟಾರ್ ಸೈಕಲ್ಲು

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಯಾರೂ ಬಳಸದ, ಆದರೆ ಎಸೆಯಲು ಯಾರಿಗೂ ಮನಸ್ಸು ಬಾರದ ವಸ್ತುವೊಂದು ಇದ್ದೇ ಇರುತ್ತದೆ. ಅಜ್ಜಿಯ ಬೀಸುವ ಕಲ್ಲು, ನಿಂತುಹೋದ ಗೋಡೆ ಗಡಿಯಾರ, ಚಾವಿ ಕಳೆದ ಕಬ್ಬಿಣದ ಸಂದೂಕ, ಗೋಡೆಗೆ ಒರಗಿಸಿಟ್ಟ ಕೂರಿಗೆ, ಇಂಥ ಏನಾದರೊಂದು. ದೀಪಾವಳಿಗೆ ಸುಣ್ಣ ಬಳಿಯುವಾಗ ಅದನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸುತ್ತೇವೆ. ಬಂದವರು ಕೇಳಿದರೆ ಹಿರಿಯರ ಕಾಲದ್ದು ಎಂದು ಅಭಿಮಾನದಿಂದ ಹೇಳುತ್ತೇವೆ. ಮತ್ತೆ ಬರುವ ದೀಪಾವಳಿಯವರೆಗೆ ಮರೆತುಬಿಡುತ್ತೇವೆ. ಹಿರಿಯರದಾದ ವಸ್ತು ನಿಜವಾಗಿ ನಮ್ಮದಾಗುವುದು ಯಾವಾಗ? ಅವರು ತೀರಿಕೊಂಡ ದಿನವೇ? ಅಣ್ಣತಮ್ಮಂದಿರಲ್ಲಿ ಪಾಲಾದ ದಿನವೇ? ಕಾಗದಪತ್ರದಲ್ಲಿ ಹೆಸರು ಬದಲಾದ ದಿನವೇ? ಈ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು ಯಾವ ಗ್ರಂಥದಿಂದಲೂ ಅಲ್ಲ, ಹದಿನೇಳು ವರ್ಷ ದನದ ಕೊಟ್ಟಿಗೆಯಲ್ಲಿ ನಿಂತಿದ್ದ ಒಂದು ಮೋಟಾರ್ ಸೈಕಲ್ಲಿನಿಂದ. ಆ ಅನುಭವವನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆಂಬ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನನ್ನ ತಂದೆಯವರು ಪಶುವೈದ್ಯ ಇಲಾಖೆಯಲ್ಲಿ ಕಾಂಪೌಂಡರ್ ಆಗಿದ್ದರು. ಮನೆ ಬಸವಕಲ್ಯಾಣದಲ್ಲಿ, ತಿರುಗಾಟ ಮಂಠಾಳ, ಮುಡಬಿ, ಕೊಹಿನೂರು, ಹುಲಸೂರು ಸುತ್ತಲಿನ ಹಳ್ಳಿಗಳಲ್ಲಿ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿ, ಬೇಸಿಗೆಯಲ್ಲಿ ಕೆಂಪು ಧೂಳು. ಎಮ್ಮೆಗೆ ಹೊಟ್ಟೆಯುಬ್ಬರ ಬಂದಿದೆ ಎಂದು ಯಾರಾದರೂ ನಡುರಾತ್ರಿ ಬಾಗಿಲು ಬಡಿದರೆ ಬಸ್ಸಿನ ದಾರಿ ಕಾಯುವಂತಿರಲಿಲ್ಲ. 1982ರಲ್ಲಿ ಅವರು ಸಾಲ ಮಾಡಿ ಯೆಜ್ಡಿ 250 ಮೋಟಾರ್ ಸೈಕಲ್ ಕೊಂಡರು. ಅಂದಿನಿಂದ ನಮ್ಮ ಮನೆಯ ಗಡಿಯಾರ ಅದರ ಸಪ್ಪಳವೇ ಆಯಿತು. ಸಂಜೆ ಓಣಿಯ ತುದಿಯಲ್ಲಿ ಆ ಜೋಡು ಸೈಲೆನ್ಸರಿನ ಧ್ವನಿ ಕೇಳಿದೊಡನೆ ಅವ್ವ ಒಲೆಯ ಮೇಲೆ ಹೆಂಚಿಟ್ಟು ಮೊದಲ ರೊಟ್ಟಿ ತಟ್ಟಲು ಕೂಡುತ್ತಿದ್ದಳು. ಅಪ್ಪ ಕೈಕಾಲು ತೊಳೆದು, ವಿಭೂತಿ ಧರಿಸಿ, ಪೂಜೆ ಮುಗಿಸಿ ಬರುವಷ್ಟರಲ್ಲಿ ಬಿಸಿರೊಟ್ಟಿ ತಟ್ಟೆಯಲ್ಲಿರುತ್ತಿತ್ತು.

2005ರಲ್ಲಿ ಅಪ್ಪ ಲಿಂಗೈಕ್ಯರಾದರು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಬಳಿಕ ಅವ್ವ ಗಾಡಿಯನ್ನು ಕೊಟ್ಟಿಗೆಗೆ ತಳ್ಳಿಸಿ, ಮೇಲೆ ಗೋಣಿತಟ್ಟು ಹೊದಿಸಿದಳು. ಆ ಬಳಿಕ ಆ ಮೂಲೆಯ ಮಾತನ್ನೇ ಅವಳು ಎತ್ತಲಿಲ್ಲ. ಗುಜರಿಯವರು ವರ್ಷಕ್ಕೆರಡು ಬಾರಿ ಬಂದು ಬೆಲೆ ಕಟ್ಟುತ್ತಿದ್ದರು. ಅವ್ವ ಕೊಡುತ್ತಲೂ ಇರಲಿಲ್ಲ, ಕೊಟ್ಟಿಗೆಯ ಬಾಗಿಲು ತೆರೆಯುತ್ತಲೂ ಇರಲಿಲ್ಲ.

ನಾನು ಹುಮನಾಬಾದಿನಲ್ಲಿ ಶಾಲಾ ಶಿಕ್ಷಕಿ. ವಾರಕ್ಕೊಮ್ಮೆ ಅವ್ವನನ್ನು ನೋಡಲು ಬಸವಕಲ್ಯಾಣಕ್ಕೆ ಬರುವುದು ರೂಢಿ. ದೂರ ಸುಮಾರು ಮೂವತ್ತು ಕಿಲೋಮೀಟರ್. ಆದರೆ ಬಸ್ಸು ಹಿಡಿದು, ಬಂಗ್ಲಾದಲ್ಲಿ ಇಳಿದು, ಅಲ್ಲಿಂದ ಮತ್ತೊಂದು ವಾಹನ ಹತ್ತುವಷ್ಟರಲ್ಲಿ ಅರ್ಧ ದಿನ ಕಳೆಯುತ್ತಿತ್ತು. ಅವ್ವನಿಗೆ ಎಪ್ಪತ್ತೆಂಟು ತುಂಬಿತು. ಒಂದು ರಾತ್ರಿ ಅವಳಿಗೆ ಜ್ವರವೇರಿ, ನೆರೆಮನೆಯವರು ಫೋನು ಮಾಡಿದಾಗ ಬೆಳಗಿನ ಮೊದಲ ಬಸ್ಸಿಗಾಗಿ ನಿಲ್ದಾಣದಲ್ಲಿ ಕಾದುಕುಳಿತ ಆ ನಾಲ್ಕು ತಾಸು ನನ್ನನ್ನು ಬಹಳ ಯೋಚನೆಗೆ ಹಚ್ಚಿದವು. ಜ್ವರ ಇಳಿಯಿತು, ಯೋಚನೆ ಇಳಿಯಲಿಲ್ಲ. ಅಪ್ಪ ಪರರ ದನಕರುಗಳಿಗಾಗಿ ರಾತ್ರಿಯಲ್ಲಿ ಏರಿ ಹೋಗುತ್ತಿದ್ದ ವಾಹನ ಮನೆಯಲ್ಲೇ ನಿಂತಿರುವಾಗ, ಹೆತ್ತವಳಿಗಾಗಿ ನಾನೇಕೆ ಬಸ್ಸಿಗೆ ಕಾಯಬೇಕು? ಆಗ ನನಗೆ ನಲವತ್ತಾರು ವರ್ಷ. ಹುಡುಗಿಯಾಗಿದ್ದಾಗ ಸೈಕಲ್ ತುಳಿದದ್ದು ಬಿಟ್ಟರೆ ಯಾವ ವಾಹನವನ್ನೂ ನಡೆಸಿದವಳಲ್ಲ.

ಮನೆಯವರ ಅಭಿಪ್ರಾಯಗಳು ಬಗೆಬಗೆಯಾಗಿದ್ದವು. ಪುಣೆಯಲ್ಲಿರುವ ತಮ್ಮ, "ಅಕ್ಕಾ, ಅದಕ್ಕ ಹಾಕೋ ರೊಕ್ಕದಾಗ ಅರ್ಧಾ ಹೊಸಾ ಸ್ಕೂಟರ್ ಬರ್ತದ" ಎಂದ. ಅವನ ಮಾತು ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಬಂಧುವೊಬ್ಬರು ಗಾಡಿ ಗಂಡುಮಗನ ಪಾಲಿನದೆಂದು ನೆನಪಿಸಿದರು. ಆದರೆ ನನ್ನನ್ನು ನಿಲ್ಲಿಸಿದ್ದು ಅವ್ವನ ಮಾತು. "ಬ್ಯಾಡ ಮಗಾ. ಅದರ ಸಪ್ಪಳ ಕೇಳಿದ್ರ ಕೈ ತಾನೇ ಹಿಟ್ಟಿಗಿ ಹೋಗ್ತದ. ರೊಟ್ಟಿ ಯಾರಿಗಿ ತಟ್ಟಲಿ?" ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಅವಳಿಗೆ ಒಂದು ಮಾತು ಕೊಟ್ಟೆ: ಗಾಡಿಯನ್ನು ದುರಸ್ತಿ ಮಾಡಿಸುತ್ತೇನೆ, ಆದರೆ ನೀನಾಗಿ ಕರೆಯುವ ತನಕ ಅದನ್ನು ಈ ಓಣಿಯಲ್ಲಿ ನಡೆಸುವುದಿಲ್ಲ. ಅವ್ವ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. 2022ರ ದಸರೆಯ ಮರುದಿನ ನಾಲ್ವರು ಹುಡುಗರು ಗಾಡಿಯನ್ನು ಕೈಗಾಡಿಯ ಮೇಲೇರಿಸಿ ಕೊಟ್ಟಿಗೆಯಿಂದ ಹೊರತಂದರು.

ಈ ವಾಹನದ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಉಚಿತ. ಇದು ನಮ್ಮ ಕರ್ನಾಟಕದ್ದೇ ಕೂಸು. ಚೆಕ್ ದೇಶದಲ್ಲಿ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ಎರಡೂ ಹೆಸರುಗಳ ಮೊದಲಕ್ಷರಗಳನ್ನು ಜೋಡಿಸಿ ಜಾವಾ ಎಂಬ ಹೆಸರಿಟ್ಟ. ಆ ಜಾವಾ ಬೈಕುಗಳನ್ನು 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ನಮ್ಮಲ್ಲೇ ತಯಾರಿಸತೊಡಗಿತು. ಇರಾನಿ ಎಂಬ ಪಾರ್ಸಿ ಮನೆತನದವರು ಸ್ಥಾಪಿಸಿದ ಆ ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಎಂಬ ಹೆಸರು ಬಂತು. ಎಂಬತ್ತರ ದಶಕದ ನಡುವೆ ಜಪಾನೀ ಸಹಯೋಗದ ನೂರು ಸಿ.ಸಿ. ಬೈಕುಗಳು ಬಂದವು, ಅವು ಹಗುರ, ಪೆಟ್ರೋಲ್ ಕಡಿಮೆ ಕುಡಿಯುವಂಥವು. ಮಾರಾಟ ಇಳಿಯುತ್ತ ಬಂದು, ಹೊಗೆಯ ನಿಯಮಗಳೂ ಬಿಗಿಯಾಗಿ, 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಬೇರೊಂದು ಕಂಪನಿಯ ಮೂಲಕ ಮಾರುಕಟ್ಟೆಗೆ ಮರಳಿವೆ. ಆದರೆ ಅವು ಫೋರ್ ಸ್ಟ್ರೋಕ್ ಎಂಜಿನ್ನಿನ ಹೊಸ ವಾಹನಗಳು, ಅವುಗಳ ಬಿಡಿಭಾಗ ಹಳೆಯದಕ್ಕೆ ಹೊಂದುವುದಿಲ್ಲ. ಹಳೆಯ ಯೆಜ್ಡಿಗೆ ಈಗ ಹೆತ್ತ ಮನೆ ಇಲ್ಲ. ಉಳಿದಿರುವುದು ಅದನ್ನು ಬಲ್ಲ ಕೆಲವು ಕೈಗಳು ಮಾತ್ರ.

ಅಂಥ ಕೈಯೊಂದನ್ನು ಹುಡುಕುವುದೇ ಮೊದಲ ಕೆಲಸವಾಯಿತು. ಬಸವಕಲ್ಯಾಣದ ಆಟೋನಗರ ಲಾರಿಗಳಿಗೆ ಹೆಸರಾದದ್ದು. ಹಳೆಯ ಲಾರಿಗೆ ಹೊಸ ಬಾಡಿ ಕಟ್ಟುವವರು, ವೆಲ್ಡಿಂಗ್ ಮಾಡುವವರು, ಲೇಥ್ ನಡೆಸುವವರು, ಪಟ್ಟಿ ಬಡಿಯುವವರು ಅಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ದುಡಿಯುತ್ತಾರೆ. ಆದರೆ ಯೆಜ್ಡಿ ಎಂದೊಡನೆ ಎಲ್ಲರೂ ಹಳೆಯ ಊರಿನ ಒಂದು ಓಣಿಯ ಕಡೆಗೇ ಬೆರಳು ತೋರಿಸಿದರು. ಅಲ್ಲಿ ಎಪ್ಪತ್ತು ದಾಟಿದ ಒಬ್ಬ ಉಸ್ತಾದರು ಇದ್ದರು. ಹುಡುಗನಾಗಿದ್ದಾಗ ಹೈದರಾಬಾದಿನ ಗ್ಯಾರೇಜೊಂದರಲ್ಲಿ ಜಾವಾ ಬಿಚ್ಚಲು ಕಲಿತವರು. ಕಣ್ಣು ಮಂಜಾಗಿದ್ದರಿಂದ ಕೆಲಸ ಬಿಟ್ಟು ಐದು ವರ್ಷವಾಗಿತ್ತು. ಗಾಡಿಯ ಎಂಜಿನ್ನಿನ ಮೇಲೆ ಕೈಯಾಡಿಸಿ, ಇದು ಡಾಕ್ಟರ್ ಸಾಬರ ಗಾಡಿಯಲ್ಲವೇ ಎಂದು ಕೇಳಿದರು. ಹಳ್ಳಿಗರು ಅಪ್ಪನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. ಅವರು ಒಂದು ಷರತ್ತು ಹಾಕಿದರು: "ನನ್ನ ಕಣ್ಣು ಹೋಗ್ಯಾವ, ಬೇಟಿ. ಕೆಲಸ ನಾ ಹೇಳ್ತೀನಿ, ಕೈ ನೀ ಹಚ್ಚಬೇಕು." ಹೀಗೆ ಪ್ರತಿ ರವಿವಾರ ನಾನು ಅವರ ಶಿಷ್ಯೆಯಾದೆ.

ಮೊದಲ ಮೂರು ರವಿವಾರ ಅವರು ನನ್ನಿಂದ ಮಾಡಿಸಿದ್ದು ತೊಳೆಯುವ ಕೆಲಸ ಮಾತ್ರ. ಸೀಮೆಎಣ್ಣೆ, ಬ್ರಷ್ಷು, ಹಳೆಯ ಬನಿಯನ್ ಚಿಂದಿ. ನನಗೆ ಆತುರವಿತ್ತು. ಅವರು ನಕ್ಕು, "ತೊಳ್ಯಾದ್ರಾಗೇ ಅರ್ಧಾ ರಿಪೇರಿ ಅದ" ಎನ್ನುತ್ತಿದ್ದರು. ಹಾಗೆಯೇ ಆಯಿತು. ಧೂಳು, ಜಿಡ್ಡು ಹೋದ ಮೇಲೆ ಎಲ್ಲಿ ಎಣ್ಣೆ ಸೋರಿತ್ತು, ಎಲ್ಲಿ ಬಿರುಕಿತ್ತು, ಯಾವ ನಟ್ಟು ಹಿಂದೊಮ್ಮೆ ತಪ್ಪು ಪಾನಾ ಹಾಕಿ ಸವೆದಿತ್ತು ಎಂಬುದೆಲ್ಲ ತಾನಾಗಿ ಕಾಣತೊಡಗಿತು. ವೈರುಗಳನ್ನು ಇಲಿ ಕಡಿದಿತ್ತು. ಟ್ಯಾಂಕಿನಲ್ಲಿದ್ದ ಹಳೆಯ ಪೆಟ್ರೋಲ್ ಒಣಗಿ ಅಂಟಾಗಿ, ಒಳಗೆಲ್ಲ ತುಕ್ಕು ಹಿಡಿದಿತ್ತು. ಟ್ಯಾಂಕಿಗೆ ಹಿಡಿ ತುಂಬ ಸಣ್ಣ ನಟ್ಟುಗಳನ್ನು ಸುರಿದು, ಸೀಮೆಎಣ್ಣೆ ಹಾಕಿ, ಅತ್ತಿತ್ತ ಅಲುಗಾಡಿಸಿ ಆ ತುಕ್ಕನ್ನು ಉದುರಿಸಿದೆವು. ಒಂದು ಇಡೀ ದಿನ ಹಿಡಿಯಿತು.

ಎಂಜಿನ್ ಜಾಮ್ ಆಗಿತ್ತು. ಕಿಕ್ ಒತ್ತಿದರೆ ಕಾಲು ಕಲ್ಲಿಗೆ ತಾಗಿದಂತಾಗುತ್ತಿತ್ತು. ಬಲವಂತ ಮಾಡಬಾರದೆಂದು ಉಸ್ತಾದರು ಕಟ್ಟಪ್ಪಣೆ ಮಾಡಿದ್ದರು. ಪ್ಲಗ್ಗು ತೆಗೆದು ಆ ರಂಧ್ರದಿಂದ ಡೀಸೆಲ್ ಹಾಕಿ ಎಂಟು ದಿನ ಬಿಟ್ಟೆವು. ಮತ್ತೆ ಹಾಕಿ ಮತ್ತೆ ಎಂಟು ದಿನ ಬಿಟ್ಟೆವು. ಆ ಬಳಿಕ ಗೇರಿಗೆ ಹಾಕಿ, ಹಿಂದಿನ ಗಾಲಿಯನ್ನು ಮೆಲ್ಲಗೆ ಹಿಂದೆ ಮುಂದೆ ತೂಗಿದಾಗ ಒಳಗೆ ಏನೋ ಕೂದಲೆಳೆಯಷ್ಟು ಸರಿಯಿತು. ಅಂದು ಉಸ್ತಾದರು ಇಬ್ಬರಿಗೂ ಚಹ ತರಿಸಿದರು.

ಎರಡು ಸ್ಟ್ರೋಕಿನ ಎಂಜಿನ್ನಿನ ಮರ್ಮವನ್ನು ಅವರು ತಿಳಿಹೇಳಿದ ರೀತಿಯನ್ನು ನಾನು ನನ್ನ ಶಾಲೆಯ ಮಕ್ಕಳಿಗೂ ಹೇಳಿದ್ದೇನೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಕೆಲಸವೆಲ್ಲ ಪಿಸ್ಟನ್ನಿನ ಮೇಲುಗಡೆಯೇ ನಡೆಯುತ್ತದೆ. ಕೆಳಗೆ ಎಣ್ಣೆ ಬೇರೆಯಾಗಿ ಇರುತ್ತದೆ. ಯೆಜ್ಡಿಯಲ್ಲಿ ಹಾಗಲ್ಲ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಪೆಟ್ಟಿಗೆಗೆ ಬರುತ್ತದೆ. ಪಿಸ್ಟನ್ ಇಳಿಯುವಾಗ ಅದು ಒತ್ತಡಕ್ಕೆ ಸಿಕ್ಕು, ಪಕ್ಕದ ದಾರಿಗಳಿಂದ ಮೇಲೇರಿ, ಅಲ್ಲಿ ಕಿಡಿಗೆ ಉರಿಯುತ್ತದೆ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ದಾರಿಯುದ್ದಕ್ಕೂ ಬೇರಿಂಗು, ಪಿಸ್ಟನ್ನುಗಳಿಗೆ ಜಿಡ್ಡು ಕೊಡುತ್ತದೆ. ಆದ್ದರಿಂದ ಕೆಳಗಿನ ಪೆಟ್ಟಿಗೆ ಗಾಳಿಯಾಡದಂತೆ ಭದ್ರವಾಗಿರಬೇಕು. ವರ್ಷಾನುಗಟ್ಟಲೆ ನಿಂತ ಗಾಡಿಯಲ್ಲಿ ರಬ್ಬರಿನ ಆಯಿಲ್ ಸೀಲುಗಳು ಒಣಗಿ ಗಟ್ಟಿಯಾಗಿ ಗಾಳಿ ಬಿಡುತ್ತವೆ. ಮೇಲಿನಿಂದ ಎಷ್ಟೇ ಬಣ್ಣ ಬಳಿದರೂ ಸೀಲು ಬದಲಿಸದ ಎಂಜಿನ್ ಸರಿಯಾಗಿ ಉಸಿರಾಡುವುದಿಲ್ಲ.

ಹೀಗಾಗಿ ಎಂಜಿನ್ನನ್ನು ಪೂರ್ತಿ ಬಿಚ್ಚಿದೆವು. ಸಿಲಿಂಡರಿನ ಒಳಮೈಯಲ್ಲಿ ತುಕ್ಕಿನ ಗೆರೆ ಬಿದ್ದಿತ್ತು. ಆಟೋನಗರದ ಲೇಥ್ ಅಂಗಡಿಯಲ್ಲಿ ಬೋರು ಮಾಡಿಸಿ, ಮೊದಲಿನದಕ್ಕಿಂತ ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಬೇಕಾಯಿತು. ಪಿಸ್ಟನ್, ರಿಂಗು, ಸೀಲು, ಬೇರಿಂಗುಗಳಿಗಾಗಿ ನಾನೇ ಹೈದರಾಬಾದಿಗೆ ಹೋಗಿ ರಾಣಿಗಂಜಿನ ಬಿಡಿಭಾಗಗಳ ಅಂಗಡಿಗಳನ್ನು ಸುತ್ತಿದೆ. ಮೊದಮೊದಲು ಅಂಗಡಿಯವರು ನನ್ನ ಹಿಂದೆ ಗಂಡಸರು ಯಾರಾದರೂ ಬಂದಿದ್ದಾರೆಯೇ ಎಂದು ನೋಡುತ್ತಿದ್ದರು. ನಾನು ಚೀಲದಿಂದ ಹಳೆಯ ಸೀಲು ತೆಗೆದು ಅಳತೆ ಹೇಳಿದ ಮೇಲೆ ಸುಮ್ಮನೆ ಪೆಟ್ಟಿಗೆ ತೆರೆಯುತ್ತಿದ್ದರು. ವಿಷಯ ಬಲ್ಲವರೊಡನೆ ಜನ ಬೇಗ ನೇರವಾಗುತ್ತಾರೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕಿಡಿಯ ಸಮಯ. ಪಿಸ್ಟನ್ ತುತ್ತತುದಿ ಮುಟ್ಟುವ ಕೆಲವು ಮಿಲಿಮೀಟರ್ ಮೊದಲೇ ಪಾಯಿಂಟುಗಳು ತೆರೆದು ಕಿಡಿ ಹಾರಬೇಕು. ಉಸ್ತಾದರು ಪಾಯಿಂಟಿನ ನಡುವೆ ಸಿಗರೇಟಿನ ತೆಳುಗಾಗದ ಇಡಿಸಿ, ಎಂಜಿನ್ನನ್ನು ಮೆಲ್ಲಗೆ ತಿರುಗಿಸುತ್ತ ಕಾಗದವನ್ನು ಹಗುರವಾಗಿ ಎಳೆಯಲು ಹೇಳುತ್ತಿದ್ದರು. ಯಾವ ಕ್ಷಣಕ್ಕೆ ಕಾಗದ ಸಡಿಲಾಗುತ್ತದೋ ಅದೇ ಪಾಯಿಂಟು ತೆರೆಯುವ ಕ್ಷಣ. ಕಣ್ಣು ಕಾಣದವರು ಹೇಳಿಕೊಟ್ಟ ಈ ವಿದ್ಯೆಗೆ ಕಣ್ಣು ಬೇಕಾಗಿರಲಿಲ್ಲ. ಎರಡು ಬೆರಳು ಸಾಕಿತ್ತು. ಅವರು ಹೇಳಿದ್ದನ್ನೆಲ್ಲ ನಾನು ಇನ್ನೂರು ಪುಟದ ನೋಟುಪುಸ್ತಕದಲ್ಲಿ ಚಿತ್ರಸಹಿತ ಬರೆದಿಟ್ಟುಕೊಂಡೆ. ಐಟಿಐ ಓದುತ್ತಿದ್ದ ಅವರ ಮೊಮ್ಮಗ ಮೊದಲು ದೂರ ನಿಂತು ಮೊಬೈಲು ನೋಡುತ್ತಿದ್ದವನು, ಚಳಿಗಾಲ ಕಳೆಯುವಷ್ಟರಲ್ಲಿ ನನ್ನ ಪಕ್ಕದಲ್ಲೇ ಕುಳಿತು ಪಾನಾ ಹಿಡಿಯತೊಡಗಿದ.

ಈ ರವಿವಾರಗಳಲ್ಲಿ ನನಗೆ ನಮ್ಮೂರಿನ ಶರಣರು ಬೇರೆ ಬಗೆಯಲ್ಲಿ ಅರ್ಥವಾದರು. ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ: ಇವರ ಹೆಸರಿನ ಮುಂದೆ ನಿಂತಿರುವುದು ಮನೆತನವಲ್ಲ, ಆಸ್ತಿಯಲ್ಲ, ಅವರವರ ಕೈಯ ಕೆಲಸ. ಹಗ್ಗ ಹೊಸೆಯುವವರು, ಬುಟ್ಟಿ ಹೆಣೆಯುವವರು, ನೂಲುವವರು, ಭತ್ತ ಕುಟ್ಟುವವರು ಕಲ್ಯಾಣದ ಆ ಸಮುದಾಯದಲ್ಲಿ ಸಮಾನರಾಗಿದ್ದರು. ಚಿಕ್ಕಂದಿನಿಂದ ಈ ಹೆಸರುಗಳನ್ನು ಬಾಯಿಪಾಠ ಹೇಳಿದವಳು ನಾನು. ಉಗುರಿನ ಸಂದಿಯಲ್ಲಿ ಗ್ರೀಸು ತುಂಬಿಕೊಂಡು ಮನೆಗೆ ಮರಳುವಾಗ, ಹುಟ್ಟಿನಿಂದ ಬಂದದ್ದಕ್ಕೂ ದುಡಿಮೆಯಿಂದ ಬಂದದ್ದಕ್ಕೂ ಇರುವ ಅಂತರ ಮೊದಲ ಬಾರಿಗೆ ಮೈಗೆ ತಿಳಿಯಿತು. ಅಪ್ಪನ ಮಗಳೆಂಬ ಕಾರಣಕ್ಕೆ ಆ ಗಾಡಿಯ ಮೇಲೆ ನನಗೆ ಹಕ್ಕಿತ್ತು ನಿಜ. ತಮ್ಮನಿಗೂ ಅಷ್ಟೇ ಇತ್ತು. ಆದರೆ ಅದು ನನ್ನದಾದದ್ದು ಅದರ ಒಂದೊಂದು ನಟ್ಟನ್ನು ತೊಳೆದು ಮರಳಿ ಕೂಡಿಸಿದ ಮೇಲೆ.

ಅತ್ತ ಅವ್ವನಲ್ಲಿಯೂ ಏನೋ ಸಡಿಲಾಗುತ್ತಿತ್ತು. ಪ್ರತಿ ರವಿವಾರ ಸಂಜೆ ಕೈ ತಿಕ್ಕಿ ತೊಳೆದುಕೊಂಡು ಊಟಕ್ಕೆ ಕೂತಾಗ ಅವಳು ಗಾಡಿಯ ಮಾತೆತ್ತುತ್ತಿರಲಿಲ್ಲ. ನಾನೂ ಎತ್ತುತ್ತಿರಲಿಲ್ಲ. ಸಂಕ್ರಮಣ ಕಳೆದ ಮೇಲೆ ಒಂದು ದಿನ ಬಡಿಸುತ್ತ ಬಡಿಸುತ್ತ, "ಸೈಲೆನ್ಸರ್ ಎರಡೂ ಚಲೋ ಅವೇನು?" ಎಂದು ಕೇಳಿದಳು. ಮತ್ತೊಂದು ವಾರ, ಸೀಟಿನ ಕೆಳಗೆ ಅಪ್ಪ ಒಂದು ಬಿಳಿ ವಸ್ತ್ರದಲ್ಲಿ ಪ್ಲಗ್ಗು ಸುತ್ತಿಡುತ್ತಿದ್ದರೆಂದೂ, ಅದು ಸಿಕ್ಕಿತೇ ಎಂದೂ ವಿಚಾರಿಸಿದಳು. ಏಪ್ರಿಲ್ ತಿಂಗಳಲ್ಲಿ ತಾನಾಗಿಯೇ ಸಂದೂಕ ತೆಗೆದು, ಇಳಕಲ್ ಸೀರೆಯ ಮಡಿಕೆಯಿಂದ ಗಾಡಿಯ ಚಾವಿಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಅದು ಕಳೆದೇ ಹೋಗಿದೆ ಎಂದು ನಾವೆಲ್ಲ ತಿಳಿದಿದ್ದೆವು. ಹದಿನೇಳು ವರ್ಷ ಅವಳು ಅದನ್ನು ತನ್ನ ಮದುವೆಯ ಸೀರೆಯೊಳಗೆ ಕಾಪಾಡಿದ್ದಳು.

2023ರ ಮೇ ತಿಂಗಳ ಒಂದು ಬೆಳಿಗ್ಗೆ ಉಸ್ತಾದರ ಅಂಗಳದಲ್ಲಿ ಎಂಜಿನ್ ಹೊತ್ತಿತು. ಹನ್ನೊಂದನೆಯ ಕಿಕ್ಕಿಗೆ ಒಮ್ಮೆ ಕೆಮ್ಮಿತು, ಹದಿನಾಲ್ಕನೆಯದಕ್ಕೆ ಹಿಡಿದುಕೊಂಡಿತು. ಓಣಿಯ ತುಂಬ ನೀಲಿ ಹೊಗೆ. ಮೊಮ್ಮಗ ಕುಣಿದಾಡಿದ, ಉಸ್ತಾದರು ಮಾತ್ರ ಟ್ಯಾಂಕಿನ ಮೇಲೆ ಅಂಗೈಯಿಟ್ಟು, ತಲೆ ಬಾಗಿಸಿ ಬಹಳ ಹೊತ್ತು ಆಲಿಸುತ್ತ ನಿಂತರು.

ಇನ್ನು ನಡೆಸುವುದನ್ನು ಕಲಿಯಬೇಕಿತ್ತು. ಕಲಿಯುವವರ ಲೈಸೆನ್ಸನ್ನು ಬೇಸಿಗೆಯ ಮೊದಲೇ ಪಡೆದಿದ್ದೆ. ಅದು ಆರು ತಿಂಗಳು ಚಾಲ್ತಿಯಲ್ಲಿರುತ್ತದೆ; ಮೂವತ್ತು ದಿನ ಕಳೆದ ಮೇಲೆ ಪರೀಕ್ಷೆಗೆ ಹಾಜರಾಗಬಹುದು. ಬೆಳಗಿನ ಹೊತ್ತು ಊರ ಹೊರಗಿನ ಬಯಲಿನಲ್ಲಿ, ತಲೆಗೆ ಹೆಲ್ಮೆಟ್ಟು ಹಾಕಿ, ಮೊಮ್ಮಗನ ಮೇಲ್ವಿಚಾರಣೆಯಲ್ಲಿ ಅಭ್ಯಾಸ ನಡೆಯಿತು. ಯೆಜ್ಡಿಯಲ್ಲಿ ಕಿಕ್ ಮತ್ತು ಗೇರಿಗೆ ಎಡಗಡೆಯ ಒಂದೇ ಕಡ್ಡಿ. ಅದನ್ನು ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್. ಎಂಜಿನ್ ಹೊತ್ತಿದ ಮೇಲೆ ಮುಂದಕ್ಕೆ ತಂದರೆ ಅದೇ ಗೇರು. ಗೇರಿನ ಕಡ್ಡಿ ಒತ್ತಿದೊಡನೆ ಕ್ಲಚ್ಚು ತಾನಾಗಿ ಬಿಡುವಂಥ ಏರ್ಪಾಡೂ ಅದರಲ್ಲಿದೆ. ಮೊದಲ ದಿನಗಳಲ್ಲಿ ಭಾರವಾದ ಆ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸುವುದೇ ನನಗೆ ವ್ಯಾಯಾಮವಾಗಿತ್ತು. ಆದರೆ ನನಗೆ ಒಂದು ಅನುಕೂಲವಿತ್ತು. ಕಡ್ಡಿ ಒತ್ತಿದಾಗ ಒಳಗೆ ಯಾವ ಹಲ್ಲು ಯಾವುದಕ್ಕೆ ಕೂಡುತ್ತದೆ, ಬ್ರೇಕು ತುಳಿದಾಗ ಯಾವ ಲೈನರ್ ಎಲ್ಲಿ ಒತ್ತುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೆ. ಬಲ್ಲ ವಸ್ತುವಿನ ಮೇಲೆ ಕುಳಿತವರಿಗೆ ಅಂಜಿಕೆ ಬೇಗ ಬಿಡುತ್ತದೆ. ಹೆಂಗಸರಿಗೆ ಇದೆಲ್ಲ ಏಕೆ ಎಂದವರೂ ಇದ್ದರು. ಅವರಿಗೆ ನಾನು ಉತ್ತರ ಹೇಳಲಿಲ್ಲ; ಪರೀಕ್ಷೆಯಲ್ಲಿ ಎಂಟರ ಆಕಾರದ ದಾರಿಯಲ್ಲಿ ಕಾಲೂರದೆ ಗಾಡಿ ನಡೆಸಿ ತೋರಿಸಿದೆ, ಅಷ್ಟೆ.

ಕಾಗದಪತ್ರದ ವಿಷಯವನ್ನು ಓದುಗರ ಉಪಯೋಗಕ್ಕಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. ವಾಹನದ ಮಾಲೀಕರು ತೀರಿಕೊಂಡರೆ ವಾರಸುದಾರರು ಮೂವತ್ತು ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕೆಂಬುದು ನಿಯಮ. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆ ಬಳಿಕ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ನಮ್ಮ ಗಾಡಿಯ ಹಳೆಯ ಆರ್.ಸಿ. ಪುಸ್ತಕವನ್ನು ಅವ್ವ ಜೋಪಾನ ಮಾಡಿದ್ದಳು. ತಮ್ಮ ಮತ್ತು ತಂಗಿ ಒಪ್ಪಿಗೆಯ ಪ್ರಮಾಣಪತ್ರ ಬರೆದುಕೊಟ್ಟರು. ಎಂಜಿನ್ ಮತ್ತು ಚಾಸಿಯ ನಂಬರುಗಳ ಪೆನ್ಸಿಲ್ ಅಚ್ಚು ತೆಗೆದು ತಾಳೆ ನೋಡಿದರು. ದಂಡ, ತೆರಿಗೆ, ವಿಮೆ ಸೇರಿ ಎಲ್ಲ ಮುಗಿಯಲು ಎರಡು ತಿಂಗಳಾಯಿತು. ದುರಸ್ತಿಯೂ ಸೇರಿ ನನ್ನ ನೋಟುಪುಸ್ತಕದ ಕೊನೆಯ ಪುಟದ ಮೊತ್ತ ರೂ. 41,300. ಉಸ್ತಾದರು ತಮ್ಮ ಮಜೂರಿ ಎಂದು ಹೇಳಿದ್ದು ಅದರಲ್ಲಿ ಕೇವಲ ಎರಡು ಸಾವಿರ. ಉಳಿದುದನ್ನು ನಾನು ಅವರ ಮೊಮ್ಮಗನ ಓದಿನ ಖರ್ಚಿಗೆಂದು ಕೊಟ್ಟಾಗ ಮಾತ್ರ ಸ್ವೀಕರಿಸಿದರು.

ಮಾತು ಕೊಟ್ಟಂತೆ ಗಾಡಿಯನ್ನು ನಮ್ಮ ಓಣಿಗೆ ತಂದಿರಲಿಲ್ಲ. ಶ್ರಾವಣದ ಮೊದಲ ಸೋಮವಾರದ ಹಿಂದಿನ ದಿನ ಅವ್ವ, "ನಾಳಿಗಿ ಹಬ್ಬದ ಅಡಗಿ ಅದ. ಅದರ ಮ್ಯಾಲೇ ಬಾ" ಎಂದಳು. ಮರುದಿನ ಸಂಜೆ ಓಣಿಯ ತುದಿಯಲ್ಲಿ ಗೇರು ಇಳಿಸಿ, ಮೆಲ್ಲಗೆ ಬಂದು ಬಾಗಿಲ ಮುಂದೆ ನಿಲ್ಲಿಸಿದೆ. ನೆರೆಹೊರೆಯವರು ಹೊರಗೆ ಬಂದು ನಿಂತಿದ್ದರು. ಅವ್ವ ಹೊಸ್ತಿಲಲ್ಲಿದ್ದಳು, ಅಂಗೈಗೆ ಹಿಟ್ಟು ಮೆತ್ತಿತ್ತು. ಅಳುತ್ತಾಳೇನೋ ಎಂದು ನನಗೆ ಅಳುಕಿತ್ತು. ಅವಳು ಒಂದು ಗಳಿಗೆ ಕಿವಿಗೊಟ್ಟು ಕೇಳಿ, "ನಿಮ್ಮಪ್ಪಂದು ಇಷ್ಟ್ ಸಪ್ಪಳ ಮಾಡ್ತಿದ್ದಿಲ್ಲ. ಬಲಗಡಿಂದು ಒಡಕು ದನಿ ಅದ, ನೋಡಸು" ಎಂದಳು. ಎಲ್ಲರೂ ನಕ್ಕರು. ಮರುದಿನ ಉಸ್ತಾದರು ಬಿಚ್ಚಿಸಿ ನೋಡಿದಾಗ ಬಲಗಡೆಯ ಸೈಲೆನ್ಸರಿನೊಳಗಿನ ಜಾಲರಿ ಕೊಳವೆ ಸಡಿಲಾಗಿತ್ತು. ಮೂವತ್ತೈದು ವರ್ಷ ಯಂತ್ರದ ಜೊತೆ ಬಾಳಿದ ಉಸ್ತಾದರ ಕಿವಿಗೂ ತಪ್ಪಿಸಿಕೊಂಡದ್ದು, ಒಲೆಯ ಮುಂದೆ ಕೂತು ಆ ಸಪ್ಪಳಕ್ಕೆ ಕಾದ ಹೆಂಗಸಿನ ಕಿವಿಗೆ ಸಿಕ್ಕಿತ್ತು. ಇಷ್ಟು ದಿನ ಅವಳು ಆ ಸಪ್ಪಳಕ್ಕೆ ಅಂಜಿದ್ದಳು ಎಂದು ನಾನು ತಿಳಿದಿದ್ದೆ. ಅದನ್ನು ಅವಳು ಅಷ್ಟು ನಿಖರವಾಗಿ ಎದೆಯಲ್ಲಿ ಉಳಿಸಿಕೊಂಡಿದ್ದಳು ಎಂಬುದು ಅಂದು ತಿಳಿಯಿತು. ಆ ರಾತ್ರಿ ಅವಳು ನನಗಾಗಿ ರೊಟ್ಟಿ ತಟ್ಟಿದಳು.

ಈಗ ಪ್ರತಿ ವಾರ ಹುಮನಾಬಾದಿನಿಂದ ಹೊರಟು, ಹೈದರಾಬಾದ್–ಪುಣೆ ಹೆದ್ದಾರಿಯಲ್ಲಿ ರಾಜೇಶ್ವರ ದಾಟಿ, ಬಂಗ್ಲಾದಲ್ಲಿ ಹೊರಳಿ ಬಸವಕಲ್ಯಾಣಕ್ಕೆ ಬರುತ್ತೇನೆ. ಲಾರಿಗಳು ಬಿರುಸಾಗಿ ಹೋಗುವ ದಾರಿಯದು. ನಾನು ಎಡಬದಿಗೆ ಹಿಡಿದು ಐವತ್ತರ ಮೇಲೆ ಹೋಗುವುದಿಲ್ಲ. ಕತ್ತಲಾದ ಮೇಲೆ ತೀರ ಅವಶ್ಯವಿದ್ದರೆ ಮಾತ್ರ ಹೊರಡುತ್ತೇನೆ. ಆರು ವೋಲ್ಟಿನ ಹಳೆಯ ದೀಪಕ್ಕೆ ಅಷ್ಟೇ ಶಕ್ತಿ. ಪೆಟ್ರೋಲಿಗೆ ಲೀಟರಿಗೆ ಸುಮಾರು 40 ಮಿಲಿಲೀಟರ್ ಎಣ್ಣೆಯನ್ನು ಬೇರೆ ಡಬ್ಬಿಯಲ್ಲಿ ಬೆರೆಸಿ ಹಾಕುತ್ತೇನೆ. ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಇಳಿಸಬಾರದು, ಪೆಟ್ರೋಲ್ ಬಾರದಿದ್ದರೆ ಅದರೊಡನೆ ಎಣ್ಣೆಯೂ ಬಾರದು ಎಂಬ ಉಸ್ತಾದರ ಮಾತನ್ನು ಪಾಲಿಸುತ್ತೇನೆ. ಇಷ್ಟಾದರೆ ಗಾಡಿ ತಕರಾರು ಮಾಡುವುದಿಲ್ಲ.

ಹಳೆಯದೆಲ್ಲವನ್ನೂ ಉಳಿಸಲೇಬೇಕೆಂದು ನಾನು ವಾದಿಸುವವಳಲ್ಲ. ತಮ್ಮ ಹೇಳಿದಂತೆ ಹೊಸ ಸ್ಕೂಟರು ಹೆಚ್ಚು ಸುಲಭ, ಹೊಗೆಯೂ ಕಡಿಮೆ. ದಿನವೂ ದೂರ ತಿರುಗುವವರಿಗೆ ಅದೇ ಯೋಗ್ಯ. ಆದರೆ ಮನೆಯ ಒಂದು ಹಳೆಯ ವಸ್ತುವನ್ನಾದರೂ ಸ್ವಂತ ಕೈಯಿಂದ ಬಿಚ್ಚಿ, ತೊಳೆದು, ಮತ್ತೆ ನಡೆಯುವಂತೆ ಮಾಡಿ ನೋಡಿರಿ ಎಂದು ಓದುಗ ಸಹೋದರ ಸಹೋದರಿಯರಲ್ಲಿ ವಿನಂತಿಸುತ್ತೇನೆ. ಅದು ಹೊಲಿಗೆ ಯಂತ್ರವಿರಬಹುದು, ರೇಡಿಯೋ ಇರಬಹುದು, ಕೂರಿಗೆಯೇ ಇರಬಹುದು. ಅದನ್ನು ಬಲ್ಲ ಹಿರಿಯರೊಬ್ಬರು ನಿಮ್ಮ ಓಣಿಯಲ್ಲೇ, ಕಣ್ಣು ಮಂಜಾಗಿ, ಕೈ ಕಟ್ಟಿ ಕುಳಿತಿರುತ್ತಾರೆ. ಅವರ ಜಾತಿ ಮತ ಕೇಳದೆ ಅವರ ಮುಂದೆ ಕುಳಿತುಕೊಳ್ಳಿರಿ, ಮಕ್ಕಳನ್ನೂ ಕೂಡಿಸಿರಿ. ವಸ್ತುವನ್ನು ಸಂದೂಕದಲ್ಲಿ ಕಾಪಾಡಬಹುದು. ವಿದ್ಯೆಯನ್ನು ಮತ್ತೊಂದು ಕೈಗೆ ಕೊಟ್ಟೇ ಕಾಪಾಡಬೇಕು.

ನಮ್ಮ ಉಸ್ತಾದರ ಓಣಿಯಲ್ಲಿ ಈಗ ಇನ್ನೆರಡು ಹಳೆಯ ಯೆಜ್ಡಿಗಳು ಬಂದು ನಿಂತಿವೆ. ಬಿಚ್ಚುತ್ತಿರುವವನು ಅವರ ಮೊಮ್ಮಗ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಹೇಳುತ್ತಿರುವವರು ಅವರು. ನನ್ನ ನೋಟುಪುಸ್ತಕದ ಒಂದು ಪ್ರತಿ ಅವರ ಗೂಡಿನಲ್ಲಿದೆ.